ವಂತಿಗೆಯ ಆರೋಗ್ಯ ನಿಧಿಗಳು ಮತ್ತು ತೆರಿಗೆ

ಕಾಯಿಲೆ ಬಿದ್ದವರ ಆಸ್ಪತ್ರೆ ಖರ್ಚಿಗೆ ಊರೋ ಸಂಘವೋ ಒಂದೇ ಶ್ರದ್ಧೆಯ ಜನವೋ ವಂತಿಗೆ ಎತ್ತುವುದು ನಮ್ಮಲ್ಲಿ ಹಳೆಯ ರೂಢಿ. ಕರ್ನಾಟಕದಲ್ಲಿ ಅದು ರಾಜ್ಯವ್ಯಾಪಿ ಯೋಜನೆಯ ರೂಪ ತಳೆದದ್ದು ಈ ಶತಮಾನದ ಆರಂಭದಲ್ಲಿ. ಹಾಗೆ ಕೂಡಿದ ಹಣವನ್ನು ತೆರಿಗೆ ಕಾನೂನು ಏನೆಂದು ಕರೆಯಬೇಕು? ಪ್ರೀಮಿಯಮ್ಮೇ, ದಾನವೇ, ಸದಸ್ಯರು ತಮ್ಮತಮ್ಮಲ್ಲೇ ಇಟ್ಟುಕೊಂಡ ದುಡ್ಡೇ? ಈ ವಿಷಯದ ಇತಿಹಾಸವೆಲ್ಲ ಈ ಮೂರು ಪದಗಳ ಸುತ್ತಲೇ ಇದೆ.

ಯಶಸ್ವಿನಿ ಯೋಜನೆಯನ್ನು ಮುಖ್ಯಮಂತ್ರಿ ಎಸ್.ಎಂ. ಕೃಷ್ಣ 2002ರ ನವೆಂಬರ್‌ನಲ್ಲಿ ಉದ್ಘಾಟಿಸಿದರು. 2003ರ ಜೂನ್ 1ರಿಂದ ಅದು ಜಾರಿಗೆ ಬಂತು. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅದರ ಹಿಂದಿನ ಮುಖ್ಯ ಪ್ರೇರಣೆ. ಸಹಕಾರ ಸಂಘದ ಸದಸ್ಯನಾದ ರೈತ ಮೊದಲ ವರ್ಷ ಕಟ್ಟಿದ್ದು 60 ರೂಪಾಯಿ, ಅಂದರೆ ತಿಂಗಳಿಗೆ ಬರೀ 5 ರೂಪಾಯಿ. ಅಷ್ಟಕ್ಕೇ ಅವನ ಹೃದಯದ ಶಸ್ತ್ರಚಿಕಿತ್ಸೆಗೂ ಬಾಗಿಲು ತೆರೆಯಿತು. ಇದರ ಹಿಂದೆ ವಿಮಾ ಕಂಪನಿ ಇರಲಿಲ್ಲ. ಸದಸ್ಯರ ವಂತಿಗೆ, ಸರ್ಕಾರದ ಪಾಲು ಎರಡೂ ಒಂದು ಟ್ರಸ್ಟಿನಲ್ಲಿ ಕೂಡಿ, ಆಸ್ಪತ್ರೆಯ ಬಿಲ್ಲು ಅಲ್ಲಿಂದಲೇ ಪಾವತಿಯಾಗುತ್ತಿತ್ತು. 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ವಿಲೀನವಾದ ಯೋಜನೆಗೆ 2023ರ ಜನವರಿಯಲ್ಲಿ ಮರುಜೀವ ಬಂತು. ಆಗ ನಾಲ್ಕು ಜನರ ಕುಟುಂಬಕ್ಕೆ ಗ್ರಾಮೀಣ ಭಾಗದಲ್ಲಿ 500, ನಗರದಲ್ಲಿ 1,000 ರೂಪಾಯಿ ಗೊತ್ತುಪಡಿಸಲಾಯಿತು.

ಶ್ರದ್ಧಾಕೇಂದ್ರದ ನೆರಳಲ್ಲಿ ಬೆಳೆದದ್ದು ಧರ್ಮಸ್ಥಳದ ಸಂಪೂರ್ಣ ಸುರಕ್ಷಾ. ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಆರಂಭಿಸಿದ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳಿಗಾಗಿ 2004ರಲ್ಲಿ ಇದು ಬಂತು. ಇಲ್ಲಿ ಹೊಣೆ ಹೊತ್ತದ್ದು ವಿಮಾ ಕಂಪನಿಗಳು. ಜನರನ್ನು ಕೂಡಿಸುವ ಕೆಲಸ ಸಂಘಗಳದ್ದು.

ಈಗ ತೆರಿಗೆಯ ಮಾತು. 1986ರಲ್ಲಿ ಮೆಡಿಕ್ಲೇಮ್ ಪಾಲಿಸಿ ಹುಟ್ಟಿತು. ಅದೇ ವರ್ಷದ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾನೂನಿಗೆ 80ಡಿ ಸೆಕ್ಷನ್ ಸೇರಿಸಿತು. ರಿಯಾಯಿತಿ ಸಿಗುವುದು ಮಾನ್ಯತೆ ಪಡೆದ ವಿಮೆಯ ಪ್ರೀಮಿಯಮ್ಮಿಗೆ, ಅದೂ ನಗದಿನ ಹೊರತಾದ ರೀತಿಯಲ್ಲಿ ಕಟ್ಟಿದ್ದರೆ. ಟ್ರಸ್ಟಿಗೆ ಕಟ್ಟುವ ವಂತಿಗೆಗೆ ಆ ಸೆಕ್ಷನ್ನಿನಲ್ಲಿ ಜಾಗವಿಲ್ಲ. ದಾನಕ್ಕಿರುವ 80ಜಿ ಕೂಡ ಒದಗುವುದಿಲ್ಲ, ಏಕೆಂದರೆ ಬದಲಿಗೆ ಚಿಕಿತ್ಸೆಯ ಹಕ್ಕು ಪಡೆದು ಕೊಟ್ಟ ಹಣ ದಾನವಾಗದು. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲದ ರೈತನಿಗೆ ಇದರಿಂದ ನಷ್ಟವೇನಿಲ್ಲ ನಿಜ. ಆದರೆ ಸಹಕಾರ ಸಂಘಗಳಲ್ಲಿ ಸಂಬಳದಾರರೂ ಸಣ್ಣ ವ್ಯಾಪಾರಿಗಳೂ ಇದ್ದಾರೆ.

ಹಣ ಸ್ವೀಕರಿಸುವ ಸಂಸ್ಥೆಯ ಕಡೆಯಿಂದ ನೋಡಿದರೆ ಚಿತ್ರ ಬೇರೆ. ವೈದ್ಯಕೀಯ ನೆರವನ್ನು 1961ರ ಆದಾಯ ತೆರಿಗೆ ಕಾಯ್ದೆ ಧರ್ಮಕಾರ್ಯವೆಂದೇ ಒಪ್ಪಿತು. ಆದರೆ ಅದರ 13(1)(ಬಿ) ಸೆಕ್ಷನ್ ಒಂದು ಗೆರೆ ಎಳೆಯಿತು: ಒಂದೇ ಮತ ಅಥವಾ ಜಾತಿಯ ಹಿತಕ್ಕಾಗಿ ಆ ಕಾಯ್ದೆಯ ನಂತರ ಹುಟ್ಟಿದ ಧರ್ಮಾರ್ಥ ಟ್ರಸ್ಟಿಗೆ ವಿನಾಯಿತಿ ಇಲ್ಲ. ಮಂಜುನಾಥನ ಸನ್ನಿಧಿ, ಜೈನ ಹೆಗ್ಗಡೆ ಮನೆತನ, ಮಾಧ್ವ ಅರ್ಚಕರು ಕೂಡಿರುವ ಧರ್ಮಸ್ಥಳದ ಯೋಜನೆ ಎಲ್ಲ ಮತದವರನ್ನೂ ಸದಸ್ಯರನ್ನಾಗಿ ಮಾಡಿಕೊಂಡಿತು. ಶ್ರದ್ಧೆಯ ಹೆಸರಲ್ಲಿ ಕೂಡಿಸಿ, ಬಾಗಿಲನ್ನು ಎಲ್ಲರಿಗೂ ತೆರೆದಿಡುವ ಈ ಮಾದರಿಯೇ ಕಾನೂನಿಗೂ ಒಗ್ಗುವಂಥದ್ದು.

ಅಮೆರಿಕ ಹಿಡಿದದ್ದು ಇದಕ್ಕೆ ತದ್ವಿರುದ್ಧ ದಾರಿ. ಅಲ್ಲಿ ಕ್ರೈಸ್ತ ಸದಸ್ಯರು ಒಬ್ಬರ ಆಸ್ಪತ್ರೆ ಖರ್ಚನ್ನು ಇನ್ನೊಬ್ಬರು ಹಂಚಿಕೊಳ್ಳುವ ಸಂಸ್ಥೆಗಳಿವೆ. 1999ರ ಡಿಸೆಂಬರ್ 31ರಿಂದ ಸತತವಾಗಿ ನಡೆದುಬಂದಿರುವ, ಸಮಾನ ನಂಬಿಕೆಯ ಸದಸ್ಯರಿರುವ ಇಂಥ ಸಂಸ್ಥೆಗಳವರಿಗೆ, ವಿಮೆ ಇಲ್ಲದವರ ಮೇಲಿನ ದಂಡದಿಂದ 2010ರ ಆರೋಗ್ಯ ಕಾಯ್ದೆ ವಿನಾಯಿತಿ ಕೊಟ್ಟಿತು. 2019ರಿಂದ ಆ ದಂಡವೇ ಸೊನ್ನೆಯಾಯಿತು. ಸದಸ್ಯರ ಕಂತನ್ನೂ ವೈದ್ಯಕೀಯ ವೆಚ್ಚವೆಂದು ಕಳೆಯಬಹುದೆಂಬ ಕರಡು ನಿಯಮವನ್ನು ಅಲ್ಲಿನ ತೆರಿಗೆ ಇಲಾಖೆ 2020ರ ಜೂನ್‌ನಲ್ಲಿ ಪ್ರಕಟಿಸಿತು.

ಮೂರನೆಯ ಪ್ರಶ್ನೆ, ಅಂದರೆ ‘ನಮ್ಮ ದುಡ್ಡು ನಮ್ಮಲ್ಲೇ’ ಎಂಬ ವಾದ, ಇತ್ಯರ್ಥಕ್ಕೆ ಬಂದದ್ದು ನ್ಯಾಯಾಲಯಗಳಲ್ಲಿ. ಯಾರೂ ತಮ್ಮಿಂದ ತಾವೇ ಲಾಭ ಗಳಿಸಲಾರರು ಎಂಬುದು ಅದರ ತಿರುಳು. ಬೆಂಗಳೂರು ಕ್ಲಬ್ ಪ್ರಕರಣದಲ್ಲಿ 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಮಿತಿ ಹಾಕಿತು: ಸದಸ್ಯ ಬ್ಯಾಂಕುಗಳಲ್ಲೇ ಇಟ್ಟ ಠೇವಣಿಯಾದರೂ ಬಡ್ಡಿಗೆ ತೆರಿಗೆ ಉಂಟು. ಪ್ರಕರಣ ಕ್ಲಬ್ಬಿನದಾದರೂ, ಮಿಕ್ಕ ಹಣವನ್ನು ಬ್ಯಾಂಕಿನಲ್ಲಿಡುವ ಯಾವ ನಿಧಿಯೂ ಅದನ್ನು ಮರೆಯುವಂತಿಲ್ಲ. ಕೇರಳದಲ್ಲಿ ಭಾರತೀಯ ವೈದ್ಯಕೀಯ ಸಂಘದ ಶಾಖೆ ತನ್ನ ವೈದ್ಯರಿಗಾಗಿ ನಡೆಸುವ ಪರಸ್ಪರ ನೆರವಿನ ನಿಧಿಗಳ ಮೇಲೆ ಜಿಎಸ್‌ಟಿ ಬೇಡಿಕೆ ಬಂತು. 2025ರ ಏಪ್ರಿಲ್‌ನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಸಂಘದ ಪರ ನಿಂತು, ತೆರಿಗೆಗೆ ಆಧಾರವಾಗಿದ್ದ ಕಾನೂನಿನ ಅಂಶಗಳನ್ನೇ ಅಸಾಂವಿಧಾನಿಕವೆಂದಿತು.

ಬೆಂಗಳೂರಿನ ಕನಕಪುರ ರಸ್ತೆಯ ಬದಿಯ ಜರಗನಹಳ್ಳಿಯಲ್ಲಿ ಎರಡು ಮನೆಗಳನ್ನು ಇಟ್ಟು ನೋಡಿದರೆ ಲೆಕ್ಕ ನಿಚ್ಚಳವಾಗುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಶೇಕಡಾ 20ರ ಹಂತದಲ್ಲಿರುವ ಉದ್ಯೋಗಿ 25,000 ರೂಪಾಯಿ ಪ್ರೀಮಿಯಂ ಕಟ್ಟಿದರೆ, ಸೆಸ್ ಸೇರಿ 5,200 ರೂಪಾಯಿ ತೆರಿಗೆ ಉಳಿಯುತ್ತದೆ. ಪಕ್ಕದ ಮನೆಯವರು ಸಹಕಾರ ಸಂಘದ ಮೂಲಕ ಯಶಸ್ವಿನಿಗೆ 1,000 ಕಟ್ಟಿದರೆ ಉಳಿತಾಯ ಶೂನ್ಯ. ಕೈಯಲ್ಲಿ ಹೆಚ್ಚು ಇದ್ದವರಿಗೇ ಹೆಚ್ಚು ನೆರವು ಹೋಗುವ ಈ ಏರ್ಪಾಡು ನ್ಯಾಯವಲ್ಲ. ಅಂಥದೇ ಅಂತರ ಜಿಎಸ್‌ಟಿಯಲ್ಲೂ ಇದೆ: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಶೇಕಡಾ 18ರ ಜಿಎಸ್‌ಟಿ ಪೂರ್ತಿ ಹೋಯಿತು. ಆದರೆ ಗುಂಪು ಪಾಲಿಸಿಗಳನ್ನು ಆ ವಿನಾಯಿತಿಯಿಂದ ಹೊರಗಿಡಲಾಯಿತು.