ಊರಿಗೇ ಬಂದ ಕೆಲಸ

ದಸರೆ ಮುಗಿಯುವ ಹೊತ್ತಿಗೆ ಮಹಾರಾಷ್ಟ್ರದ ಗಡಿಯ ಜತ್ತ ತಾಲ್ಲೂಕಿನ ಹಳ್ಳಿಗಳಲ್ಲಿ ಕೂಲಿ ಒದಗಿಸುವ ಮುಕಾದಮರ ಓಡಾಟ ಜೋರಾಗುತ್ತದೆ. ಮೊದಲೇ ಕೊಟ್ಟ ಉಚಲ್, ಅಂದರೆ ಮುಂಗಡ ಹಣದ ಲೆಕ್ಕ ಹಿಡಿದು ಕಬ್ಬು ಕಡಿಯುವ ಟೋಳಿ ಕಟ್ಟುತ್ತಾರೆ. ಗಂಡ ಹೆಂಡತಿ ಇಬ್ಬರೂ ದುಡಿದರೂ ವಹಿಯಲ್ಲಿ ಅವರು ಒಂದೇ ‘ಕೊಯ್ತಾ’, ಒಂದೇ ಕುಡುಗೋಲು. ಈ ಬರದ ಸೀಮೆಯಲ್ಲಿ ಕೆಲಸವೆಂದರೆ ಊರು ಬಿಟ್ಟು ಹುಡುಕಬೇಕಾದದ್ದು. ಕೂಲಿಯವರು ಕೃಷ್ಣೆ, ಪಂಚಗಂಗೆಯ ದಂಡೆಯ ಕಬ್ಬಿಗೆ, ಓದಿದವರು ಪುಣೆ, ಮುಂಬೈಗೆ.

ಕೆಲಸವನ್ನೇ ಊರಿಗೆ ತರುವ ಯತ್ನ ಶುರುವಾದದ್ದು ಕೋವಿಡ್ ಕಾಲದಲ್ಲಲ್ಲ. 1973ರ ಸುಮಾರಿಗೆ ಅಮೆರಿಕದಲ್ಲಿ ಜ್ಯಾಕ್ ನಿಲ್ಸ್ ವಿಮಾ ಕಂಪನಿಯೊಂದರ ನೌಕರರನ್ನು ಮನೆಗೆ ಹತ್ತಿರದ ಉಪಕಚೇರಿಗಳಲ್ಲಿ ಕೂರಿಸಿ ಪ್ರಯೋಗ ಮಾಡಿದ. 1985ರಲ್ಲಿ ಸ್ವೀಡನ್ನಿನ ಗುಡ್ಡಗಾಡಿನ ಹಳ್ಳಿ ವೆಮ್ದಾಲೆನ್‌ನಲ್ಲಿ ಹೆನ್ನಿಂಗ್ ಆಲ್ಬ್ರೆಕ್ಟ್‌ಸೆನ್ ಊರವರೆಲ್ಲ ಹಂಚಿಕೊಂಡು ಬಳಸುವ ಕಂಪ್ಯೂಟರ್ ಕೇಂದ್ರ ತೆರೆದ. ಹಂಚಿಕೊಳ್ಳಲು ಕಾರಣ ಸರಳ: ಆಗ ಕಂಪ್ಯೂಟರ್ ದುಬಾರಿ. ಅದು ಅಗ್ಗವಾಗಿ ಮನೆಗೆ ಬಂದ ಮೇಲೆ ಇಂಥ ಕೇಂದ್ರಗಳ ಮೊದಲಿನ ಸೆಳೆತವೇ ಹೋಯಿತು.

ಕರ್ನಾಟಕಕ್ಕೆ ಈ ವಿಚಾರ ಬಂದದ್ದು ಬೇರೆ ದಾರಿಯಲ್ಲಿ. 2006ರ ನೆಮ್ಮದಿ ಕೇಂದ್ರಗಳು ಹೋಬಳಿಗೆ ಪಹಣಿ, ಜಾತಿ ಪ್ರಮಾಣಪತ್ರ ತಂದವು, ನೌಕರಿ ತರಲಿಲ್ಲ. ನೌಕರಿ ಕಾಣಿಸಿದ್ದು 2008ರಲ್ಲಿ, ಹೊರಗುತ್ತಿಗೆಯ (ಬಿಪಿಒ) ಕಂಪನಿ ರೂರಲ್‌ಶೋರ್ಸ್ ತನ್ನ ಮೊದಲ ಕೇಂದ್ರವನ್ನು ಬಾಗೇಪಲ್ಲಿಯಲ್ಲಿ ತೆರೆದಾಗ. ಬಾಗೇಪಲ್ಲಿಯೂ ಗಡಿಯ ತಾಲ್ಲೂಕು. ಜತ್ತದಲ್ಲಿ ಮಹಾರಾಷ್ಟ್ರದೊಳಗೆ ಕನ್ನಡ, ಇಲ್ಲಿ ಕರ್ನಾಟಕದೊಳಗೆ ತೆಲುಗು. ನೀರಿನ ಗೋಳು ಮಾತ್ರ ಎರಡೂ ಕಡೆ ಒಂದೇ. ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಬಿಪಿಒ ಹುಡುಗರು ವರ್ಷ ತುಂಬುವ ಮೊದಲೇ ಕಂಪನಿ ಬದಲಿಸುತ್ತಿದ್ದರು, ಬಾಡಿಗೆ ಏರುತ್ತಿತ್ತು. ಬಾಗೇಪಲ್ಲಿಯಲ್ಲಿ ಪಿಯುಸಿ, ಡಿಗ್ರಿ ಮುಗಿಸಿದ ಹಳ್ಳಿಯವರಿಗೆ ಅಲ್ಲಿಗಿಂತ ಕಡಿಮೆ ಸಂಬಳ, ಆದರೆ ರೂಮಿನ ಬಾಡಿಗೆ, ಮೆಸ್ಸಿನ ಖರ್ಚು ಇಲ್ಲ. ಸ್ಕ್ಯಾನ್ ಆದ ಅರ್ಜಿಗಳು ತಂತಿಯ ಮೂಲಕ ಬರುತ್ತಿದ್ದವು; ಹೆಸರು, ವಿಳಾಸ, ಮೊತ್ತ ನೋಡಿಕೊಂಡು ಟೈಪು ಮಾಡಬೇಕಿತ್ತು, ಇನ್ನೊಬ್ಬರು ತಾಳೆ ನೋಡಬೇಕಿತ್ತು. ಕರೆಂಟು ಹೋದರೆ ಜನರೇಟರ್. ಸಂಜೆ ಬಸ್ಸಿಗೆ ಮಗಳು ಮನೆಗೆ ಬರುತ್ತಾಳೆಂಬುದೇ ಎಷ್ಟೋ ತಂದೆತಾಯಿಗೆ ಸಂಬಳಕ್ಕಿಂತ ದೊಡ್ಡ ಸಮಾಧಾನ.

ಮುಂದೆ ಕೇಂದ್ರ ಸರ್ಕಾರವೂ ಮಹಾನಗರಗಳ ಹೊರಗಿನ ಬಿಪಿಒಗಳಿಗೆ ಸೀಟಿಗೆ 1 ಲಕ್ಷ ರೂಪಾಯಿವರೆಗೆ ನೆರವಿನ ಯೋಜನೆ ತಂದಿತು, ಗುರಿ 48,300 ಸೀಟು. ಅದರ ಕಣ್ಣು ಹೆಚ್ಚಾಗಿ ಸಣ್ಣ ಪಟ್ಟಣಗಳ ಮೇಲಿತ್ತು. ಬಿಪಿಒಗೆ ಇನ್ನೊಂದು ತೊಡಕೂ ಇದೆ: ಇಡೀ ಕೇಂದ್ರ ಬೆರಳೆಣಿಕೆಯ ಗ್ರಾಹಕರನ್ನು ನೆಚ್ಚಿಕೊಂಡಿರುತ್ತದೆ. ಅರ್ಜಿ ಓದುವ ಕೆಲಸವನ್ನು ತಂತ್ರಾಂಶ ಕಲಿತರೆ ಎಲ್ಲರಿಗೂ ಒಟ್ಟಿಗೇ ಪೆಟ್ಟು. ಒಬ್ಬೊಬ್ಬರೂ ತಮ್ಮ ತಮ್ಮ ಕಂಪನಿಯ ಕೆಲಸವನ್ನು ಒಂದೇ ಸೂರಿನಡಿ ಮಾಡುವ ಹಬ್‌ಗೆ ಆ ಅಪಾಯ ಕಡಿಮೆ.

ಇಂಥ ಹಬ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಐರ್ಲೆಂಡ್. 2021ರ ಅದರ ಗ್ರಾಮೀಣ ನೀತಿಯಲ್ಲಿ 400ಕ್ಕೂ ಹೆಚ್ಚು ಹಬ್‌ಗಳ ಜಾಲದ ಗುರಿ ಇತ್ತು. ಅದಕ್ಕಿಂತ ಕುತೂಹಲದ್ದು ‘ಜಿಟೆಕ್’. ಐರಿಷ್ ಮಾತಾಡುವ ಪ್ರದೇಶಗಳ ಅಭಿವೃದ್ಧಿ ಸಂಸ್ಥೆಯೇ ಅಲ್ಲಿ ಈ ಹೆಸರಿನ ಹಬ್‌ಗಳನ್ನು ನಡೆಸುತ್ತದೆ. ಉದ್ಯೋಗಕ್ಕಾಗಿ ಯುವಕರು ಡಬ್ಲಿನ್ ಸೇರಿದರೆ ಊರಿನ ಭಾಷೆಯೂ ಅವರ ಹಿಂದೆ ಹೊರಟಿತು ಎಂಬ ಲೆಕ್ಕಾಚಾರ ಅದರದು.

ಜತ್ತದ ವಿಷಯದಲ್ಲಿ ಯಾರೂ ಈ ಲೆಕ್ಕ ಹಾಕಿದಂತಿಲ್ಲ. ಡಫಳೆ ಮನೆತನದ ಸಂಸ್ಥಾನವಾಗಿದ್ದ ಸೀಮೆ 1956ರ ರಾಜ್ಯಗಳ ಮರುವಿಂಗಡಣೆಯಲ್ಲಿ ಕರ್ನಾಟಕದ ಆಚೆಯೇ ಉಳಿಯಿತು. ಗಡಿ ತಕರಾರಿನ ಬಗ್ಗೆ ಮಹಾಜನ ವರದಿ ಬಂದದ್ದು 1967ರಲ್ಲಿ. 2022ರ ನವೆಂಬರ್‌ನಲ್ಲಿ ಗಡಿ ಮಾತು ಮತ್ತೆ ಎದ್ದಾಗ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ಅನುದಾನ ಘೋಷಿಸಿದರು. ಜಗಳವೆಲ್ಲ ನೀರು, ಶಾಲೆಗಳ ಸುತ್ತ ನಡೆಯಿತು. ಆ ಶಾಲೆಗಳಲ್ಲಿ ಕಲಿತವರು ಮುಂದೆ ಎಲ್ಲಿ ದುಡಿಯಬೇಕು ಎಂಬುದು ಚರ್ಚೆಯ ಅಂಚಿನಲ್ಲೇ ಉಳಿಯಿತು. ಹತ್ತು ಮೇಜಿನ ಕೋಣೆ, ಇನ್ವರ್ಟರ್, ಕಡಿಯದ ಕೇಬಲ್ಲು, ಇವಕ್ಕೆ ಯಾವುದಾದರೂ ಯೋಜನೆಯಲ್ಲಿ ದುಡ್ಡು ಹುಡುಕಬಹುದು. ಬಾಗೇಪಲ್ಲಿಗೆ ಕಂಪನಿಗಳ ಬಾಗಿಲು ತಟ್ಟಿ ಕೆಲಸ ತರುವವರಿದ್ದರು. ಜತ್ತಕ್ಕಾಗಿ ಪುಣೆಯ ಬಾಗಿಲು ತಟ್ಟುವವರು ಇನ್ನೂ ಸಿಗಬೇಕಿದೆ.