ನಿರ್ಮಾಣ ಕಾಮಗಾರಿಗಳಲ್ಲಿ ಆಧುನಿಕ ಯಂತ್ರೋಪಕರಣಗಳು ಮತ್ತು ಕಾರ್ಮಿಕರ ಸುರಕ್ಷತೆ

ಎತ್ತರದಿಂದ ಬೀಳುವುದು, ಮಣ್ಣು ಕುಸಿಯುವುದು, ಭಾರವಾದ ವಸ್ತುಗಳು ಮೇಲೆ ಬೀಳುವುದು ಮತ್ತು ವಿದ್ಯುದಾಘಾತ, ಇವು ನಿರ್ಮಾಣ ಸ್ಥಳಗಳಲ್ಲಿ ಸಾವು ನೋವಿಗೆ ಪ್ರಮುಖ ಕಾರಣಗಳಾಗಿವೆ. ಹೆಲ್ಮೆಟ್ ಮುಂತಾದ ಸಾಧನಗಳು ಅಪಘಾತವಾದಾಗ ಪೆಟ್ಟಿನ ತೀವ್ರತೆಯನ್ನು ತಗ್ಗಿಸುತ್ತವೆ. ಆಧುನಿಕ ಯಂತ್ರೋಪಕರಣಗಳಾದರೋ ಕಾರ್ಮಿಕನನ್ನು ಅಪಾಯದ ಸ್ಥಳದಿಂದಲೇ ದೂರವಿರಿಸುತ್ತವೆ. ಇದರಿಂದ ಕೆಲಸವೂ ತ್ವರಿತವಾಗಿ ಸಾಗುತ್ತದೆ.

1. ಮಣ್ಣು ಅಗೆತ

ಒಂದು ಘನ ಮೀಟರ್ ಮಣ್ಣು ಸಾಮಾನ್ಯವಾಗಿ 1.5 ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಯವರೆಗೆ ಮಣ್ಣಿನಲ್ಲಿ ಹೂತುಹೋದ ವ್ಯಕ್ತಿಗೆ ಉಸಿರಾಡುವುದೇ ಕಷ್ಟವಾಗುತ್ತದೆ. ಆದುದರಿಂದ ಆಳುದ್ದಕ್ಕಿಂತ ಕಡಿಮೆ ಆಳದ ಕಂದಕವೂ ಪ್ರಾಣಾಪಾಯಕಾರಿ. ಅಗೆಯುವ ಯಂತ್ರದಿಂದ ಕಂದಕ ತೋಡಿ, ಉಕ್ಕಿನ ರಕ್ಷಣಾ ಚೌಕಟ್ಟನ್ನು ಮೇಲಿನಿಂದಲೇ ಇಳಿಸಿದಲ್ಲಿ, ಆಧಾರವಿಲ್ಲದ ಕಂದಕಕ್ಕೆ ಯಾರೂ ಇಳಿಯಬೇಕಾಗುವುದಿಲ್ಲ. ಕೊಳವೆ ಅಳವಡಿಸಿದಂತೆ ಅದೇ ಚೌಕಟ್ಟನ್ನು ಮುಂದಕ್ಕೆ ಸರಿಸಬಹುದು. ಅಗೆತದ ಸುರಕ್ಷತೆಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 3764.

2. ಸುರಂಗ ಕಾಮಗಾರಿ

ಸುರಂಗ ಕೊರೆಯುವ ಯಂತ್ರದಲ್ಲಿ ಉಕ್ಕಿನ ಕವಚದ ಒಳಗಡೆಯೇ ಕಾಂಕ್ರೀಟ್ ಉಂಗುರಗಳನ್ನು ಜೋಡಿಸಲಾಗುತ್ತದೆ. ಬೆಂಗಳೂರು ಮೆಟ್ರೋ ಕಾಮಗಾರಿಯಲ್ಲಿ 'ಊರ್ಜಾ' ಯಂತ್ರವು ಕಂಟೋನ್ಮೆಂಟ್‌ನಿಂದ ಶಿವಾಜಿನಗರದವರೆಗಿನ ಸುರಂಗವನ್ನು 2021ರ ಸೆಪ್ಟೆಂಬರ್‌ನಲ್ಲಿ ಪೂರ್ಣಗೊಳಿಸಿತು.

3. ಕ್ರೇನ್‌ಗಳು

ಕ್ರೇನಿನ ತೋಳು ದೂರಕ್ಕೆ ಚಾಚಿದಷ್ಟೂ ಅದು ಎತ್ತಬಲ್ಲ ಭಾರ ಕಡಿಮೆಯಾಗುತ್ತದೆ. ಸಮೀಪದಲ್ಲಿ ಸುಲಭವಾಗಿ ಎತ್ತಿದ ಹೊರೆಯೇ ದೂರದಲ್ಲಿ ಕ್ರೇನನ್ನು ಉರುಳಿಸಬಹುದು. ಸುರಕ್ಷಿತ ಭಾರ ಸೂಚಕವು ಭಾರ ಹಾಗೂ ದೂರ ಎರಡನ್ನೂ ಅಳೆದು ಮಿತಿ ಸಮೀಪಿಸಿದಾಗ ಎಚ್ಚರಿಸುತ್ತದೆ. ಮಿತಿ ಮೀರಿದಾಗ ಚಲನೆಯನ್ನು ತಡೆಯುವ ವ್ಯವಸ್ಥೆಯೂ ಉಂಟು. ಗಾಳಿಯ ವೇಗಮಾಪಕವು ಕೆಲಸ ನಿಲ್ಲಿಸಬೇಕಾದ ಸಮಯವನ್ನು ತಿಳಿಸುತ್ತದೆ. ತೂಗುತ್ತಿರುವ ಹೊರೆಯ ಕೆಳಗೆ ಯಾರೂ ನಿಲ್ಲತಕ್ಕದ್ದಲ್ಲ.

4. ಎತ್ತರದ ಕೆಲಸ

ಕಾಂಕ್ರೀಟ್ ಪಂಪ್ ಬಳಸಿದಲ್ಲಿ ಬಾಣಲಿ ಹೊತ್ತು ಸಾರುವೆ ಏರುವ ಶ್ರಮ ಹಾಗೂ ಅಪಾಯ ಎರಡೂ ತಪ್ಪುತ್ತವೆ. ಅಂಚುಗಳಿಗೆ ತಡೆಕಂಬಿ ಹಾಕಲು ಸಾಧ್ಯವಾಗದ ಕಡೆ ಪೂರ್ಣ ದೇಹದ ಸುರಕ್ಷತಾ ಪಟ್ಟಿ ಅವಶ್ಯಕ. ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿಯು ಬೀಳುವಾಗ ಹೊಟ್ಟೆ ಮತ್ತು ಬೆನ್ನುಮೂಳೆಗೆ ತೀವ್ರ ಗಾಯವುಂಟುಮಾಡಬಹುದು. ಪಟ್ಟಿಯ ಹಗ್ಗವನ್ನು ಭದ್ರವಾದ ಆಧಾರಕ್ಕೇ ಕಟ್ಟತಕ್ಕದ್ದು.

5. ವಿದ್ಯುತ್ ಸಂಪರ್ಕ

ಇ.ಎಲ್.ಸಿ.ಬಿ. ಎಂದು ರೂಢಿಯಲ್ಲಿ ಕರೆಯಲಾಗುವ 30 ಮಿಲಿ ಆಂಪಿಯರ್ ಸಾಮರ್ಥ್ಯದ ಸಾಧನವು ವಿದ್ಯುತ್ ಸೋರಿಕೆಯಾದ ಕ್ಷಣಾರ್ಧದಲ್ಲಿ ಸಂಪರ್ಕ ಕಡಿತಗೊಳಿಸುತ್ತದೆ. ಅದರ ಪರೀಕ್ಷಾ ಗುಂಡಿಯನ್ನು ಒತ್ತಿ ಆಗಾಗ್ಗೆ ಪರಿಶೀಲಿಸುವುದು.

ಉದ್ಯೋಗದಾತರು ಮತ್ತು ಕಾರ್ಮಿಕರ ಗಮನಕ್ಕೆ

ಯಂತ್ರಗಳು ಹೊಸ ಅಪಾಯಗಳನ್ನೂ ತರುತ್ತವೆ. ಹಿಂದಕ್ಕೆ ಚಲಿಸುವ ವಾಹನದ ಚಾಲಕನಿಗೆ ಹಿಂದಿರುವವರು ಕಾಣದಿರಬಹುದು. ಆದುದರಿಂದ ಕ್ಯಾಮೆರಾ, ಎಚ್ಚರಿಕೆ ಗಂಟೆಗಳ ಜೊತೆಗೆ ಪ್ರತ್ಯೇಕ ಕಾಲುದಾರಿಯೂ ಅಗತ್ಯ. ಕೆಲಸ ಬೇಗ ಮುಗಿಸುವ ಆತುರದಲ್ಲಿ ಎಚ್ಚರಿಕೆ ಸಾಧನಗಳನ್ನು ನಿಷ್ಕ್ರಿಯಗೊಳಿಸಿದಲ್ಲಿ, ಯಂತ್ರವಿದ್ದೂ ರಕ್ಷಣೆ ಇಲ್ಲದಂತಾಗುತ್ತದೆ. ತರಬೇತಿ ಪಡೆದವರೇ ಯಂತ್ರಗಳನ್ನು ನಡೆಸತಕ್ಕದ್ದು.

2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020ರ ಪ್ರಕಾರ, ಸುರಕ್ಷತಾ ವ್ಯವಸ್ಥೆಗಾಗಿ ಕಾರ್ಮಿಕರಿಂದ ಶುಲ್ಕ ವಸೂಲು ಮಾಡುವಂತಿಲ್ಲ. ಪ್ರಾಣಾಪಾಯ ಸನ್ನಿಹಿತವಾಗಿದೆಯೆಂದು ಸಕಾರಣವಾಗಿ ಕಂಡುಬಂದಲ್ಲಿ, ಅದನ್ನು ಉದ್ಯೋಗದಾತನ ಗಮನಕ್ಕೆ ತರಲು ಕಾರ್ಮಿಕನು ಹಕ್ಕುಳ್ಳವನಾಗಿರುತ್ತಾನೆ.