ಕೋಡಂಗಿಯಿಂದ ಕಿರೀಟದವರೆಗೆ

'ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ' ಎಂಬ ಗಾದೆಯಲ್ಲಿ ಕೋಡಂಗಿ ಎಂದರೆ ಪೆದ್ದ. ಕರಾವಳಿಯ ಯಕ್ಷಗಾನದಲ್ಲಿ ಈ ಪದಕ್ಕೆ ಬೇರೆಯೇ ಅರ್ಥವಿದೆ. ಅಲ್ಲಿ ಕೋಡಂಗಿ ಎಂದರೆ ಕಲಿಕೆಯ ಮೊದಲ ಮೆಟ್ಟಿಲು. ಮುಂದೆ ಕರ್ಣನಾಗಿಯೋ ರಾವಣನಾಗಿಯೋ ಹೆಸರು ಮಾಡಿದ ಎಷ್ಟೋ ಕಲಾವಿದರು ಮೊದಲು ಗೆಜ್ಜೆ ಕಟ್ಟಿದ್ದು ಈ ವೇಷಕ್ಕೆ.

ಹಿಂದೆ ಮೇಳವೇ ಯಕ್ಷಗಾನದ ಪಾಠಶಾಲೆಯಾಗಿತ್ತು. ಬಾಲ್ಯದಲ್ಲೇ ಮೇಳ ಸೇರಿದ ಹುಡುಗ ದೀಪಾವಳಿಯ ನಂತರದ ದಿನಗಳಿಂದ ಮೇ ತಿಂಗಳ ಪತ್ತನಾಜೆಯವರೆಗೆ ಹಿರಿಯರೊಂದಿಗೆ ಊರೂರು ಸುತ್ತುತ್ತಿದ್ದ. ಇರುಳಿಡೀ ನಡೆಯುವ ಆಟದಲ್ಲಿ ಕಥೆಗೆ ಮೊದಲು ಪೂರ್ವರಂಗವಿರುತ್ತದೆ. ಅದರಲ್ಲಿ ಮೊದಲಿಗೆ ಕೋಡಂಗಿ, ಬಳಿಕ ಬಲರಾಮ-ಕೃಷ್ಣರ ಬಾಲಗೋಪಾಲ ವೇಷ, ಆಮೇಲೆ ಪೀಠಿಕೆಯ ಸ್ತ್ರೀವೇಷ. ಒಂದೊಂದರಲ್ಲೂ ಹೆಜ್ಜೆಗಾರಿಕೆ ಹಿಂದಿನದಕ್ಕಿಂತ ತುಸು ಕಠಿಣ. ಇವುಗಳಲ್ಲಿ ಪಳಗಿದವನಿಗೆ ಪ್ರಸಂಗದಲ್ಲಿ ದೂತ, ಸಖಿಯಂಥ ಸಣ್ಣ ಪಾತ್ರ. ನಂತರ ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರು. ಕೊನೆಗೆ ಕಿರೀಟದ ರಾಜವೇಷ ಅಥವಾ ರಾಕ್ಷಸರ ಬಣ್ಣದ ವೇಷ.

ಈ ಏರ್ಪಾಡಿನಲ್ಲೊಂದು ಜಾಣ್ಮೆಯಿದೆ. ಕೋಡಂಗಿ ಕುಣಿಯುವಾಗ ಜನ ಇನ್ನೂ ಬರುತ್ತಿರುತ್ತಾರೆ, ಚಾಪೆ ಹಾಸಿಕೊಳ್ಳುತ್ತಿರುತ್ತಾರೆ. ಹೆಜ್ಜೆ ತಪ್ಪಿದರೆ ನಗುವವರು ಕಡಿಮೆ. ಆದರೆ ಭಾಗವತರ ಕಣ್ಣಿನಿಂದ, ಮದ್ದಲೆಗಾರನ ಕಿವಿಯಿಂದ ಆ ತಪ್ಪು ಪಾರಾಗದು. ರಂಗಸ್ಥಳ, ಹಿಮ್ಮೇಳ, ಪ್ರೇಕ್ಷಕರು ಎಲ್ಲವೂ ನಿಜವಾದವೇ. ತಪ್ಪಿಗೆ ತೆರಬೇಕಾದ ಬೆಲೆ ಮಾತ್ರ ಅಲ್ಪ.

ಕಾಲಿಗಿಂತ ಮಾತಿನ ಕಲಿಕೆ ಕಷ್ಟದ್ದು. ಪ್ರಸಂಗದ ಪುಸ್ತಕದಲ್ಲಿರುವುದು ಬಹುಮಟ್ಟಿಗೆ ಪದ್ಯಗಳು ಮಾತ್ರ. ಅವುಗಳ ಅರ್ಥವನ್ನು ಪಾತ್ರಧಾರಿ ರಂಗದಲ್ಲೇ ಕಟ್ಟಿ ಆಡಬೇಕು. ಎದುರಾಳಿ ಏನು ಕೇಳಿಯಾನೆಂದು ಮೊದಲೇ ತಿಳಿಯದು. ಆದ್ದರಿಂದ ಕಲಿಯುವ ಹುಡುಗ ತನ್ನ ವೇಷ ಮುಗಿದ ಮೇಲೂ ನಿದ್ದೆಗೆಟ್ಟು ರಂಗದ ಬದಿಯಲ್ಲಿ ಕುಳಿತು ಹಿರಿಯರ ಮಾತಿಗೆ ಕಿವಿಗೊಡಬೇಕಿತ್ತು. ವೇಷ, ಕುಣಿತಗಳಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಯೂ ಇಂಥವರಿಗೆ ಗರಡಿಮನೆ.

ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' ಗ್ರಂಥ 1957ರಲ್ಲಿ ಪ್ರಕಟವಾಗಿ ಈ ಕಲೆಯ ಶಾಸ್ತ್ರೀಯ ಅಧ್ಯಯನಕ್ಕೆ ದಾರಿ ತೋರಿತು. 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. 1986ರಲ್ಲಿ ಕೆರೆಮನೆ ಶಂಭು ಹೆಗಡೆಯವರು ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕಲಾಕೇಂದ್ರ ತೆರೆದರು. ನೋಡಿ ನೋಡಿ ವರ್ಷಗಟ್ಟಲೆ ಕಲಿಯಬೇಕಿದ್ದುದನ್ನು ಗುರುಗಳು ತಾಳ, ಹೆಜ್ಜೆ, ಅಭಿನಯ ಎಂದು ಬಿಡಿಸಿ ಕ್ರಮವಾಗಿ ಕಲಿಸತೊಡಗಿದರು. ಮೇಳಗಳಲ್ಲಿ ಅವಕಾಶವೇ ಇಲ್ಲದಿದ್ದ ಹೆಣ್ಣುಮಕ್ಕಳೂ ಇಂದು ತರಗತಿಗಳಲ್ಲಿ ಕಲಿತು ಗೆಜ್ಜೆ ಕಟ್ಟುತ್ತಿದ್ದಾರೆ. ಇದು ಸಣ್ಣ ಲಾಭವಲ್ಲ.

ಇದೇ ಕಾಲದಲ್ಲಿ ಆಟ ಮಾತ್ರ ಕಿರಿದಾಗುತ್ತ ಬಂದಿದೆ. ಮರುದಿನದ ಕೆಲಸದ ಚಿಂತೆಯಿರುವ ಪ್ರೇಕ್ಷಕರಿಗೆ ಕೆಲವೇ ಗಂಟೆಗಳ ಕಾಲಮಿತಿ ಪ್ರದರ್ಶನ ಅನುಕೂಲ. ಹಾಗೆ ಮೊಟಕುಗೊಳಿಸುವಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಕಥೆಗೆ ಅದರಿಂದ ಕೊರತೆಯಿಲ್ಲ, ಕೊರತೆಯಾಗುವುದು ಕಲಿಯುವವನಿಗೆ. ತರಗತಿ ಹೆಜ್ಜೆಯನ್ನು ಕಲಿಸೀತು. ಜನರೆದುರು ಹೆಜ್ಜೆ ತಪ್ಪಿದಾಗ ಎದೆಗುಂದದೆ ಮುಂದಿನ ತಾಳಕ್ಕೆ ಸೇರಿಕೊಳ್ಳುವುದನ್ನು ರಂಗವೇ ಕಲಿಸಬೇಕು. ಇಡೀ ಪೂರ್ವರಂಗವಲ್ಲದಿದ್ದರೂ ಅದರ ಕಾಲುಗಂಟೆಯನ್ನಾದರೂ ಮೇಳಗಳು ಕಿರಿಯರಿಗೆ ಬಿಟ್ಟುಕೊಟ್ಟರೆ ನಾಳಿನ ಕರ್ಣ, ರಾವಣರಿಗೆ ಏರಲೊಂದು ಮೊದಲ ಮೆಟ್ಟಿಲು ಉಳಿದೀತು.